ಹಗೇವಿನೊಳಗೆ ಇಳಿದ ಗಾಡಿ

ಇದನ್ನು ಬರೆಯುವುದನ್ನು ನಾನು ಮುಂದೂಡುತ್ತಲೇ ಬಂದೆ. ಇದೇ ನೋಟುಬುಕ್ಕಿನಲ್ಲಿ ಶಾಲೆಯ ಬಗ್ಗೆ ಬರೆದೆ, ಜೇವರ್ಗಿಯಲ್ಲಿ ಸುಟ್ಟ ಮೋಟಾರಿಗೆ ತಂತಿ ಸುತ್ತುವ ಅಂಗಡಿ ಇಟ್ಟದ್ದು ಬರೆದೆ, ಮದುವೆ ಬರೆದೆ, ಹೆಂಡತಿಯ ಸಾವನ್ನೂ ಬರೆದೆ. ಹುಟ್ಟಿ ಬೆಳೆದು ಇಂದಿಗೂ ಇರುವ ಈ ಮನೆಯ ಬಗ್ಗೆ ಬರೆಯಲು ಕೂತಾಗ ಮಾತ್ರ ಪೆನ್ನು ಸರಿಯಿಲ್ಲ, ಕನ್ನಡಕ ಸರಿಯಿಲ್ಲ ಎಂದು ಎದ್ದುಬಿಡುತ್ತಿದ್ದೆ. ಎರಡೂ ಸರಿಯಾಗಿಯೇ ಇದ್ದವು. ಈ ಮನೆಯ ಆ ಕಾಲವನ್ನು ನೆನೆದರೆ ಮೊದಲು ಬರುವುದು ಒಂದು ನಾತ. ನೀರು ಹೊಕ್ಕು ಕೊಳೆತ ಜೋಳದ ನಾತ. ಅದು ನೆಲದ ಕೆಳಗಿನಿಂದ ಬರುತ್ತದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ನನ್ನ ಕೈಯನ್ನು ಮೂಸಿದರೂ ಅದೇ ಬರುತ್ತದೆ ಎಂಬುದನ್ನು ಹೇಳಿಕೊಳ್ಳಲಿಲ್ಲ. ಈಗ ಬರೆಯಲೇಬೇಕಾಗಿ ಬಂದದ್ದು ಮೊಮ್ಮಗಳ ಒಂದು ಆಟದ ಗಾಡಿಯಿಂದ.

ಅಂಬಿಕಾ ನನ್ನ ಮಗ ಮಲ್ಲಿನಾಥನ ಮಗಳು, ಏಳನೆಯ ತರಗತಿಯಲ್ಲಿ ಓದುತ್ತಾಳೆ. ಆಕೆಯ ಸೋದರಮಾವ ಸೊಲ್ಲಾಪುರದಿಂದ ರಿಮೋಟಿನಲ್ಲಿ ಓಡುವ ಮಾನ್‌ಸ್ಟರ್ ಟ್ರಕ್ ತಂದುಕೊಟ್ಟಿದ್ದ. ಮೊಣಕೈಯುದ್ದದ ಗಾಡಿ, ಅದರ ಮೈಗೆ ಒಪ್ಪದಷ್ಟು ದೊಡ್ಡ ಗಾಲಿಗಳು, ನಾಲ್ಕಕ್ಕೂ ಸ್ಪ್ರಿಂಗು. ಮನೆಯಲ್ಲಿ ಅದಕ್ಕೆ ಹೋರಿ ಎಂದು ಹೆಸರಾಯಿತು. ತೊಗರಿ ಹೊಲದ ಕರಿಮಣ್ಣಿನಲ್ಲಿ ಒಂದು ಮಳೆಗಾಲ ಓಡಿ ಹೋರಿ ಕಾಲು ಮಡಚಿತು. ಅದನ್ನು ನನ್ನ ಮುಂದೆ ತಂದಿಟ್ಟರು. ಸುಟ್ಟ ಮೋಟಾರುಗಳನ್ನು ಮೂವತ್ತು ವರ್ಷ ಬಿಚ್ಚಿದವನು ನಾನು, ಆದರೂ ಅದನ್ನು ಬಿಚ್ಚಿದಾಗ ವಾಕರಿಕೆ ಬಂತು. ಬ್ಯಾಟರಿ ಸೋರಿ ಹಸಿರು ಕೀವಿನ ಹಾಗೆ ಗಟ್ಟಿಯಾಗಿತ್ತು. ಗಾಲಿಯ ಸಂದಿಯಲ್ಲಿ ಆಡಿನ ಹಿಕ್ಕೆ, ಅಚ್ಚಿಗೆ ಸೊಸೆಯ ತಲೆಗೂದಲು ಸುತ್ತಿ ಎಣ್ಣೆ ಕುಡಿದು ಸತ್ತ ಹುಳದ ಹಾಗೆ ಉಬ್ಬಿತ್ತು. ಸ್ಪ್ರಿಂಗಿನೊಳಗಿನ ಎಣ್ಣೆ ಧೂಳು ಸೇರಿ ಕಪ್ಪು ಸಿಂಬಳವಾಗಿತ್ತು. ದೊಡ್ಡ ಹಲ್ಲುಗಾಲಿಯ ಪ್ಲಾಸ್ಟಿಕ್ ಹಲ್ಲು ಸವೆದು ನನ್ನ ದವಡೆಯ ಹಾಗೆ ಬೋಳಾಗಿತ್ತು.

ಅದನ್ನು ಸರಿಪಡಿಸುತ್ತ ಹೋದಂತೆ ಇಡೀ ಮನೆ ಅದರ ಸುತ್ತ ಕೂತಿತು. ಹಳೆಯ ಮೋಟಾರು ತೆಗೆದು ಕಾರ್ಬನ್ ಇಲ್ಲದ ಹೊಸದು ಹಾಕಿದೆವು. ಪ್ಲಾಸ್ಟಿಕ್ ಹಲ್ಲಿನ ಬದಲು ಉಕ್ಕಿನ ಹಲ್ಲುಗಾಲಿ ತರಿಸಿದೆವು. ಮಲ್ಲಿನಾಥನದು ಜೇವರ್ಗಿಯಲ್ಲಿ ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ. ಎಲ್ಲೆಲ್ಲಿಂದಲೋ ಬಟಾಣಿಯಷ್ಟು ಚಿಕ್ಕ ಬೇರಿಂಗು ಹುಡುಕಿ ತಂದ. ಸೊಸೆ ಸುವರ್ಣಾ ಹಳೆಯ ದಿಂಬಿನ ಸ್ಪಂಜು ಕತ್ತರಿಸಿ ಟೈರಿನೊಳಗೆ ತುಂಬಿದಳು.

“ನಿಮ್ಮ ಹೋರಿಗೆ ಹಾಸಿಗಿ ಹೊಲಿಯೋದೂ ನನ್ನ ಹಣೇಬರಾನೇನ್ರಿ?”

“ಹೊಲಿ ಬೇ, ನಾಳಿಗಿ ಅದೇ ಪುಟಿದು ನಿನ್ನ ರೊಟ್ಟಿ ಬುಟ್ಟಿ ಮ್ಯಾಲ ಬೀಳ್ತದ,” ಎಂದ ಮಲ್ಲಿನಾಥ. ಆಮೇಲೆ ನನ್ನ ಕಡೆ ತಿರುಗಿ ನಗುತ್ತಲೇ ಅಂದ, “ನಾ ಸಣ್ಣಾಂವ ಇದ್ದಾಗ ಒಂದು ಬೆಂಡಿನ ಗಾಡಿ ಮಾಡಿದ್ರ ತುಳಿದು ಪುಡಿ ಮಾಡಿದಾಂವ ನೀನೇ. ಈಗ ನೋಡು, ಮೊಮ್ಮಗಳಿಗಿ ಬೇರಿಂಗ್ ಹಾಕಾಕತ್ತೀದಿ.”

ಎಲ್ಲರೂ ನಕ್ಕರು. ನಾನೂ ನಕ್ಕೆ. ತುಳಿದದ್ದು ನಿಜ. ಈ ಮನೆಯ ಪಡಸಾಲೆಯಲ್ಲಿ ಗಾಲಿ ಉರುಳುವ ಸದ್ದು ನನಗೆ ಆಗುತ್ತಿರಲಿಲ್ಲ.

ಅಂಬಿಕಾಗೆ ನಾನು ಕೆಲಸ ಕಲಿಸಿದೆ. ಮೋಟಾರಿನ ಚಿಕ್ಕ ಹಲ್ಲುಗಾಲಿಯನ್ನು ದೊಡ್ಡದಕ್ಕೆ ಕೂಡಿಸುವಾಗ ನಡುವೆ ನೋಟುಬುಕ್ಕಿನ ಕಾಗದದ ಚೂರು ಇಟ್ಟು ಒತ್ತಬೇಕು. ಕಾಗದ ತೆಗೆದರೆ ಎಷ್ಟು ಜಾಗ ಉಳಿಯುತ್ತದೋ ಅಷ್ಟೇ ಹಲ್ಲಿಗೆ ಉಸಿರು. ಚಿಕ್ಕ ಹಲ್ಲುಗಾಲಿಯನ್ನು ಮೋಟಾರಿನ ಕಡ್ಡಿಗೆ ಹಿಡಿದಿಡುವುದು ಜೋಳದ ಕಾಳಿನಲ್ಲಿ ಅರ್ಧದಷ್ಟು ಒಂದು ಸ್ಕ್ರೂ. ಅದು ಸಡಿಲಾದರೆ ಮೋಟಾರು ಕಿರುಚುತ್ತದೆ, ಗಾಡಿ ಮಾತ್ರ ಜಾಗ ಬಿಡುವುದಿಲ್ಲ.

“ಇಷ್ಟು ಬಿಗಿ ಸಾಕೇನ್ರಿ ಮುತ್ಯಾ?”

“ಕಾಗದ ಇಟ್ಟು ನೋಡಿದೇನು?”

“ನೋಡೇನ್ರಿ. ಹರೀಲಿಲ್ಲ, ಹಲ್ಲಿನ ಗುರುತಷ್ಟೇ ಬಿತ್ತು.”

“ಹಂಗಾದ್ರ ಸಾಕು. ನಿನ್ನ ಕೈ ನನ್ನ ಕೈಗಿಂತ ಛಲೋ ಅದ.”

ಭಾನುವಾರಗಳಲ್ಲಿ ಹೋರಿಯನ್ನು ಕಣದಲ್ಲಿ ಬಿಟ್ಟು ತೊಗರಿ ಹೊಟ್ಟಿನ ದಿಬ್ಬ ಹಾರಿಸುತ್ತಿದ್ದೆವು. ಸುವರ್ಣಾ ರಿಮೋಟು ಹಿಡಿದರೆ ಅದು ಪ್ರತಿ ಸಲ ಬಾವಿಯ ಕಡೆಗೇ ಓಡುತ್ತಿತ್ತು. ಮನೆಯಲ್ಲಿ ಅಷ್ಟು ನಗು ನಾನು ಕೇಳಿರಲಿಲ್ಲ. ಅಲ್ಲಿಗೇ ನಿಂತಿದ್ದರೆ ಈ ಅಧ್ಯಾಯವೇ ಇರುತ್ತಿರಲಿಲ್ಲ. ಮಲ್ಲಿನಾಥ ಪಡಸಾಲೆಯ ಹಳೆಯ ಫರಸಿ ಕಲ್ಲು ಕಿತ್ತು ಟೈಲ್ಸ್ ಹಾಕಿಸಲು ಹೊರಟ. ಸೋಮವಾರ ಗೌಂಡಿ ಬಂದು ಅದರಡಿಯ ಹಗೇವನ್ನು ಕಲ್ಲು ಮಣ್ಣು ಹಾಕಿ ಮುಚ್ಚುವುದೆಂದು ಆಯಿತು. ಅದನ್ನು ಕೇಳಿ ಅಂಬಿಕಾ ಎದ್ದು ನಿಂತಳು.

“ಮುಚ್ಚೋಕಿಂತ ಮೊದ್ಲ ಹೋರಿ ಇಳಿಸಿ ನೋಡೂಣ್ರಿ. ಮ್ಯಾಲ ಫೋನ್ ಕಟ್ಟೋಣು, ಲೈಟ್ ಹಚ್ಚೋಣು. ಒಳಗ ಏನದ ಯಾರಿಗಿ ಗೊತ್ತದ?”

ನನಗೆ ಗೊತ್ತಿತ್ತು.

ಹಗೇವು ಎಂದರೆ ಜೋಳ ತುಂಬುವ ನೆಲಗುಂಡಿ. ನಮ್ಮದು ಪಡಸಾಲೆಯ ನಡುವೆಯೇ ಇತ್ತು. ಬಾಯಿ ಒಬ್ಬ ಗಂಡಾಳು ಇಳಿಯುವಷ್ಟು, ಹೊಟ್ಟೆ ಒಂದು ಕೋಣೆಯಷ್ಟು. ನಮ್ಮ ಮನೆಯಲ್ಲಿ ಮುಂದಿನ ಅಂಕಣದಲ್ಲಿ ದನ, ಒಂದು ಮೊಳ ಎತ್ತರದ ಕಟ್ಟೆ ಹತ್ತಿದರೆ ಪಡಸಾಲೆ, ಅದರ ಹಿಂದೆ ಅಡಿಗೆಮನೆ, ಮೂಲೆಯಲ್ಲಿ ದೇವರ ಜಗಲಿ. ದನದ ಉಸಿರು, ಒಲೆಯ ಹೊಗೆ, ವಿಭೂತಿ ಎಲ್ಲ ಒಂದೇ ಗಾಳಿಯಲ್ಲಿ ಇರುತ್ತಿದ್ದವು. ಊಟಕ್ಕೆ ಅಪ್ಪ ಮೊದಲು, ಆಮೇಲೆ ನಾನು, ಕೊನೆಗೆ ಅವ್ವ ಮತ್ತು ಅತ್ತಿ. ಅತ್ತಿ ಎಂದರೆ ಅಪ್ಪನ ಅಕ್ಕ. ನಿಂಬರ್ಗಾಕ್ಕೆ ಮದುವೆ ಮಾಡಿಕೊಟ್ಟಿದ್ದರು, ಮೂರು ವರ್ಷಕ್ಕೆ ಗಂಡ ತೀರಿಕೊಂಡ ಮೇಲೆ ತಿರುಗಿ ಬಂದಿದ್ದಳು. ರೊಟ್ಟಿ ಬಡಿಯುವ ಕೆಲಸ ಆಕೆಯದು, ದನ ಕಟ್ಟುವುದು ಆಕೆಯದು, ಸೋಮವಾರ ಜಗಲಿ ತೊಳೆಯುವುದೂ ಆಕೆಯದು. ನನ್ನ ಎಲ್ಲ ಗಾಡಿಗಳನ್ನು ಮಾಡಿಕೊಟ್ಟವಳೂ ಆಕೆಯೇ.

ಒಣಗಿದ ಜೋಳದ ದಂಟಿನ ಸಿಪ್ಪೆ ಸುಲಿದರೆ ಒಳಗೆ ಬಿಳಿ ಬೆಂಡು ಸಿಗುತ್ತದೆ. ಅತ್ತಿ ಅದನ್ನು ಕುಡುಗೋಲಿನಿಂದ ಬಿಲ್ಲೆ ಬಿಲ್ಲೆಯಾಗಿ ಕೊಯ್ದು ಗಾಲಿ ಮಾಡುತ್ತಿದ್ದಳು, ಜಾಲಿ ಮುಳ್ಳು ಚುಚ್ಚಿ ಅಚ್ಚು, ಸುಲಿದ ಸಿಪ್ಪೆಯನ್ನೇ ಬಾಗಿಸಿ ನೊಗ. ನಾನು ಅದನ್ನು ಒಂದು ದಿನದಲ್ಲಿ ಮುರಿದು ತರುತ್ತಿದ್ದೆ. ಹಿಟ್ಟಿನ ಕೈ ಸೆರಗಿಗೆ ಒರೆಸಿಕೊಂಡು ಆಕೆ ಕೂಡಲೇ ಸರಿಮಾಡುತ್ತಿದ್ದಳು. ಹೊಸ ಅಚ್ಚು ಹಾಕಿದಾಗ ಗಾಲಿಗೆ ತಾಗಿ ತಿರುಗದಿದ್ದರೆ ಮುಳ್ಳಿನ ತುದಿಗೆ ಒಂದು ತೊಟ್ಟು ಕುಸುಬಿ ಎಣ್ಣೆ ಬಿಡುತ್ತಿದ್ದಳು. ಅಂಗಡಿ ಇಟ್ಟ ಮೇಲೆ ನನ್ನ ಕೈಗುಣ ಹೊಗಳಿದವರಿಗೆ ನಾನು ಆಕೆಯ ಮಾತು ಎತ್ತಿದ್ದಿಲ್ಲ. ಗಾಡಿಯಲ್ಲಿ ಪ್ಯಾಸೆಂಜರ್ ಇಲ್ಲದೆ ಹೋಗಬಾರದು ಎಂದು ಎರಡು ಹುಣಸೆ ಬೀಜ ಇಡುತ್ತಿದ್ದಳು.

“ಇಂವ ನೀನು, ಇಕಿ ನಾನು. ಗಾಣಗಾಪುರಕ್ಕ ಹೊಂಟೇವಿ. ಸಾವಕಾಶ ಹೊಡಿಯಪ್ಪಾ, ಅತ್ತಿ ಬಿದ್ದಾಳ!”

ಒಂದು ಮಧ್ಯಾಹ್ನ ಬೀಜ ಕುಳಿತುಕೊಳ್ಳಲು ಗಾಡಿಗೆ ಚಂದದ ಮೈ ಬೇಕೆನಿಸಿತು ನನಗೆ. ಜಗಲಿಯ ಮೇಲೆ ಸತ್ತ ಮುತ್ಯಾನ, ಎಂದರೆ ಅಪ್ಪನ ಅಪ್ಪನ, ಬೆಳ್ಳಿಯ ಕರಡಿಗೆ ಇತ್ತು, ಕೊರಳಲ್ಲಿ ಲಿಂಗ ಕಟ್ಟಿಕೊಳ್ಳುವ ಡಬ್ಬಿ. ಲಿಂಗ ಆತನ ಕೈಯಲ್ಲೇ ಮಣ್ಣಿಗೆ ಹೋಗಿತ್ತು, ಖಾಲಿ ಕರಡಿಗೆಯನ್ನು ಮಾತ್ರ ಉಳಿಸಿಕೊಂಡು ಪೂಜೆ ಮಾಡುತ್ತಿದ್ದರು. ಅದರ ಬೆನ್ನು ಬಸ್ಸಿನ ಟಾಪಿನ ಹಾಗೆ ಉಬ್ಬಿತ್ತು. ಅದನ್ನು ತೆಗೆದು ಎರಡು ಬೀಜ ಒಳಗಿಟ್ಟು ಮುಚ್ಚಿ, ಬೆಂಡಿನ ಗಾಡಿಯ ಮೇಲೆ ದಾರದಿಂದ ಕಟ್ಟಿ ಪಡಸಾಲೆಯ ತುಂಬ ಎಳೆದೆ. ಆ ದಿನ ಹಗೇವು ಬಾಯಿ ತೆರೆದಿತ್ತು. ಹಿಂದಿನ ಮಳೆಯಲ್ಲಿ ನೀರು ಹೊಕ್ಕು ತಳದ ಜೋಳ ಕೊಳೆತಿತ್ತು. ಮೇಲಿನದನ್ನು ತೋಡಿ ತೆಗೆದಿದ್ದರು. ತಳದ್ದು ತೆಗೆಯಲು ಕಂದೀಲು ಇಳಿಸಿದರೆ ಆರಿಹೋಗುತ್ತಿತ್ತು. ಕಂದೀಲು ಆರಿದರೆ ಮನುಷ್ಯ ಇಳಿಯಬಾರದು, ಇಳಿದವನ ಉಸಿರೂ ಹಾಗೆಯೇ ಆರುತ್ತದೆ ಎಂಬುದು ನಮ್ಮ ಕಡೆ ಮಕ್ಕಳಿಗೂ ಗೊತ್ತು. ಮೂರು ದಿನ ಇಳಿಸಿದರು, ಮೂರೂ ದಿನ ಆರಿತು. ನಾನು ಜೋರಾಗಿ ತಿರುಗಿಸಿದಾಗ ಎಳೆಯುವ ದಾರ ಹರಿದು ಗಾಡಿ ಅಂಚಿಗೆ ಹೋಗಿ, ಒಂದು ಕ್ಷಣ ತಡೆದು, ಒಳಗೆ ಬಿತ್ತು. ಕೆಸರಿಗೆ ಕಲ್ಲು ಬಿದ್ದ ಹಾಗೆ ಪಚಕ್ ಎಂಬ ಸದ್ದು. ಬಾಗಿ ನೋಡಿದರೆ ಕತ್ತಲೆ, ಮುಖಕ್ಕೆ ಹೊಡೆದ ಆ ನಾತ. ಅಂದು ಸಂಜೆಯೇ ಅಪ್ಪ ಬೇಸತ್ತು ಬಾಯಿಗೆ ಫರಸಿ ಹೊದಿಸಿ ಮಣ್ಣು ಮೆತ್ತಿಸಿದ. ಇನ್ನು ಈ ಹಗೇವು ಬೇಡ ಎಂದ. ನಾನು ಅಂಕಣದಲ್ಲಿ ಎಮ್ಮೆಯ ಹಿಂದೆ ನಿಂತು ನೋಡಿದೆ.

ಮರುದಿನ ಸೋಮವಾರ, ಜಗಲಿ ತೊಳೆಯುವಾಗ ಕರಡಿಗೆ ಇಲ್ಲ ಎಂದು ಅತ್ತಿಯೇ ಕೂಗಿ ಹೇಳಿದಳು. ಮನೆ ತಲೆಕೆಳಗಾಯಿತು. ಕೊನೆಗೆ ಅಪ್ಪ ವಿಭೂತಿ ಗಟ್ಟಿ ತಂದು ಪಡಸಾಲೆಯಲ್ಲಿ ಇಟ್ಟ. ಒಬ್ಬೊಬ್ಬರೇ ಅದರ ಮೇಲೆ ಕೈಯಿಟ್ಟು, ನಾ ತೆಗೆದಿಲ್ಲ ಎಂದು ಆಣೆ ಮಾಡಬೇಕು. ಇಟ್ಟದ್ದು ಅದೇ ಹೊಸದಾಗಿ ಮುಚ್ಚಿದ ಫರಸಿಯ ಮೇಲೆ. ಅವ್ವ ಮಾಡಿದಳು. ನಾನು ಮಾಡಿದೆ. ಕೈ ನಡುಗಲಿಲ್ಲ, ಅದು ನನಗೆ ಇಂದಿಗೂ ಹೇಸಿಗೆ ತರುವ ಸಂಗತಿ. ನನ್ನ ಬೆರಳಿಗೆ ಹರಿದ ದಾರದ ತುಂಡು ಇನ್ನೂ ಸುತ್ತಿಕೊಂಡೇ ಇತ್ತು. ಅತ್ತಿ ಅದನ್ನು ನೋಡಿದಳು. ಹಿಂದಿನ ದಿನವೇ ಸರಿಮಾಡಿಕೊಟ್ಟ ಗಾಡಿ ಎಲ್ಲಿಯೂ ಕಾಣದ್ದನ್ನೂ ಆಕೆ ನೋಡಿರಬೇಕು. ಆಕೆಯ ಸರದಿ ಬಂದಾಗ ಕೈ ಮುಂದೆ ಚಾಚಿ, ಮತ್ತೆ ಹಿಂದಕ್ಕೆ ತೆಗೆದುಕೊಂಡಳು.

“ನಾ ಆಣಿ ಮಾಡಂಗಿಲ್ಲ.”

“ಯಾಕ?” ಎಂದ ಅಪ್ಪ.

“ಮಾಡಂಗಿಲ್ಲಂದ್ರ ಮಾಡಂಗಿಲ್ಲ.”

“ತೊಗೊಂಡಿದಿ, ಅದಕ್ಕ ಮಾಡವಲ್ಲಿ. ಹೌದಿಲ್ಲೋ?”

ಆಕೆ ದನ ಕಟ್ಟಲು ಅಂಕಣಕ್ಕೆ ಇಳಿದು ಹೋದಳು. ಆಣೆ ಮಾಡಿದ್ದರೆ ಮನೆಯಲ್ಲಿ ಮೂವರ ಆಣೆ ಆಗುತ್ತಿತ್ತು, ಅದರಲ್ಲಿ ಒಂದು ಸುಳ್ಳು. ಅಪ್ಪ ಮುಂದಕ್ಕೆ ಕೆದಕುತ್ತಿದ್ದ. ಆಕೆ ಮಾಡದೆ ಹೋದದ್ದರಿಂದ ಹುಡುಕಾಟ ಅಲ್ಲಿಗೇ ನಿಂತಿತು. ಅಷ್ಟು ತಿಳಿಯುವ ವಯಸ್ಸು ನನಗೆ ಆಗಿತ್ತು. ನಾನು ಸುಮ್ಮನಿದ್ದಿದ್ದರೆ, ಬರಿ ಅಂಜಿದ ಮಗು ಎಂದು ಇಂದು ನನ್ನನ್ನು ನಾನು ಕ್ಷಮಿಸಿಕೊಳ್ಳುತ್ತಿದ್ದೆನೇನೋ. ನಾನು ಸುಮ್ಮನಿರಲಿಲ್ಲ. ಮರುದಿನ ಅತ್ತಿ ನನ್ನ ತಾಟಿಗೆ ಬಿಸಿ ರೊಟ್ಟಿ ಹಾಕಿದಾಗ ತಾಟನ್ನು ದೂಡಿ, ಅಪ್ಪನಿಗೆ ಕೇಳಲಿ ಎಂದು ಗಟ್ಟಿಯಾಗಿ ಅಂದೆ:

“ಕಳ್ಳಿ ಕೈಯಾಂದು ನಾ ಉಣ್ಣಂಗಿಲ್ಲ. ಹೊಲಸು ನಾರ್ತದ.”

ಅಪ್ಪ ನನ್ನ ಬೆನ್ನು ಚಪ್ಪರಿಸಿದ. ರೊಟ್ಟಿ ಬಡಿಯುವ ಕೆಲಸ ಅಂದೇ ಅತ್ತಿಯ ಕೈ ಬಿಟ್ಟಿತು. ಆಕೆಯ ತಾಟು, ಚರಿಗೆ ಅಂಕಣಕ್ಕೆ ಇಳಿದವು, ದನದ ಗೋದಲಿಯ ಬದಿಗೆ. ಅವ್ವ ಅನ್ನವನ್ನು ಮೇಲಿನಿಂದ ಬಿಡುತ್ತಿದ್ದಳು. ನೊಣ ಮುತ್ತಿದ ಆ ತಾಟನ್ನು ದಾಟಿ ಶಾಲೆಗೆ ಹೋಗುವಾಗ ನಾನು ಮೂಗು ಹಿಡಿದುಕೊಳ್ಳುತ್ತಿದ್ದೆ, ಯಾರಾದರೂ ನೋಡುತ್ತಿದ್ದರೆ ಇನ್ನೂ ಬಿಗಿಯಾಗಿ. ಹೇಸಿಕೊಳ್ಳುವವನನ್ನು ಯಾರೂ ಮೂಸಿ ನೋಡುವುದಿಲ್ಲ ಎಂದು ನಾನು ಕಲಿತದ್ದು ಆ ಕಟ್ಟೆಯ ಮೇಲೆ. ಮುಂದೆ ಅಂಗಡಿಯಲ್ಲಿ ಒಂದು ಸುರುಳಿ ತಂತಿ ಕಾಣದಿದ್ದರೂ ಮೊದಲು ಕೂಗಿದವನು ನಾನೇ. ದೊಡ್ಡವನಾಗಿ, ಮದುವೆಯಾಗಿ, ಮನೆಗೆ ಯಜಮಾನನಾದ ಮೇಲೂ ಆ ತಾಟನ್ನು ಮೇಲಕ್ಕೆ ತರಲಿಲ್ಲ. ಆಣೆಯ ದಿನದಿಂದ ಮನೆಯಲ್ಲಿ ಆಕೆಯನ್ನು ಯಾರೂ ಹೆಸರು ಹಿಡಿದು ಕರೆಯಲಿಲ್ಲ. “ಆಕಿ” ಎಂದರೆ ಎಲ್ಲರಿಗೂ ತಿಳಿಯುತ್ತಿತ್ತು. ಆಕೆ ಊರು ಬಿಟ್ಟೂ ಹೋಗಲಿಲ್ಲ, ನನ್ನನ್ನು ಬಿಟ್ಟೂ ಕೊಡಲಿಲ್ಲ.

ಆಕೆ ಸಾಯುವ ಹೊತ್ತಿಗೆ ನನಗೆ ನಲವತ್ತು. ಬೆಳಿಗ್ಗೆ ಅಂಕಣಕ್ಕೆ ಇಳಿದೆ. ಹೊದಿಕೆಗೆ ಮೂತ್ರದ ನಾತ, ಬಾಯಿಯ ಮೂಲೆಯಲ್ಲಿ ಜೊಲ್ಲು ಒಣಗಿತ್ತು. ನೀರು ಕೇಳಿದಳು. ತಲೆ ಎತ್ತಿ ಹಿಡಿದು ಕುಡಿಸಬೇಕಿತ್ತು. ನಾನು ನಿಂತೇ, ಕೈ ತಾಗದ ಹಾಗೆ ಮೇಲಿನಿಂದ ಬಿಟ್ಟೆ. ಅರ್ಧ ಕುತ್ತಿಗೆಗೆ ಹರಿಯಿತು. ಆಕೆ ನುಂಗಿ, ಕಣ್ಣು ಬಿಟ್ಟು ಅಂದಳು:

“ಗಾಲಿ ಛಂದ ಉರುಳ್ತಿತ್ತಲ್ಲೋ, ಅಪ್ಪಾ.”

ನಾನು ಕೇಳದವನ ಹಾಗೆ ಚರಿಗೆ ಕೆಳಗಿಟ್ಟು ಹೊರಗೆ ಬಂದೆ. ಕೈ ತೊಳೆದುಕೊಂಡೆ.

ಈಗ ಮತ್ತೆ ಹೋರಿಯ ಮಾತು. ಭಾನುವಾರ ಸಂಜೆ ಹಗೇವು ತೆಗೆಯುವುದೆಂದು ಗೊತ್ತಾಗಿತ್ತು. ಮಧ್ಯಾಹ್ನ ಊಟವಾಗಿ ಎಲ್ಲರೂ ಅಡ್ಡಾಗಿದ್ದರು. ಹೋರಿ ಪಡಸಾಲೆಯಲ್ಲಿ ಸಿದ್ಧವಾಗಿ ನಿಂತಿತ್ತು, ಬೆನ್ನಿಗೆ ಫೋನ್ ಕಟ್ಟುವ ರಬ್ಬರು, ಮುಂದೆ ಎರಡು ಸಣ್ಣ ದೀಪ. ಒಂದು ದಿನ ಕಳೆದರೆ ಸಾಕಿತ್ತು. ಸೋಮವಾರ ಗೌಂಡಿ ಮಣ್ಣು ತುಂಬಿದರೆ ಎಂದೆಂದಿಗೂ ಮುಚ್ಚಿದ ಹಾಗೆ. ನಾನು ಎದ್ದು ಹೋಗಿ, ಗಾಡಿಯ ಹೊಟ್ಟೆ ಬಿಚ್ಚಿ, ಮೋಟಾರಿನ ಹಲ್ಲುಗಾಲಿಯ ಆ ಅರ್ಧ ಕಾಳಿನಷ್ಟು ಸ್ಕ್ರೂ ತೆಗೆದು ಅಂಗಿಯ ಕಿಸೆಗೆ ಹಾಕಿಕೊಂಡು ಬಂದು ಮಲಗಿದೆ. ಬೆರಳಿಗೆ ಗ್ರೀಸು ಹತ್ತಿತ್ತು. ಎಪ್ಪತ್ತರ ಮುದುಕ, ಮೊಮ್ಮಗಳ ಆಟಿಕೆಯನ್ನು ಕದ್ದು ಕೆಡಿಸಿ ಗೋಡೆಯ ಕಡೆ ಮುಖ ಮಾಡಿ ಗೊರಕೆ ನಟಿಸಿದವನು. ಇದನ್ನು ಬರೆಯುವಾಗ ನನ್ನ ಮೇಲೆ ನಾನೇ ಉಗುಳಬೇಕೆನಿಸುತ್ತದೆ.

ಸಂಜೆ ಮಲ್ಲಿನಾಥ ಹಾರೆ ಹಾಕಿ ಫರಸಿ ಎತ್ತಿದ. ಮೊದಲು ಬಿಸಿಯಾದ ಸತ್ತ ಗಾಳಿ, ಅದರ ಹಿಂದೆ ಅದೇ ನಾತ, ಹಳೆಯದಾಗಿ ಸಣ್ಣದಾಗಿತ್ತು, ಆದರೆ ಅದೇ. ಸುವರ್ಣಾ ಸೆರಗು ಮೂಗಿಗೆ ಒತ್ತಿದಳು. ಹಿಂದಿನವರ ಹಾಗೆಯೇ ಕಂದೀಲು ಇಳಿಸಿದರು, ಅದು ಈಗಲೂ ಆರಿತು. ಇಳಿಯಬಹುದಾದದ್ದು ಹೋರಿ ಒಂದೇ. ಹಗ್ಗ ಕಟ್ಟುವ ಮೊದಲು ಅಂಬಿಕಾ ಓಡಿಸಿ ನೋಡಲು ರಿಮೋಟು ಒತ್ತಿದಳು. ಮೋಟಾರು ಕಿರುಚಿತು, ಗಾಲಿ ತಿರುಗಲಿಲ್ಲ. ಮಲ್ಲಿನಾಥ ಬಿಚ್ಚಿ ನೋಡಿದ.

“ಸ್ಕ್ರೂನೇ ಇಲ್ಲಲ್ಲ ಇಲ್ಲಿ. ಮೋಟಾರ್ ಕೂಡ್ಸಿದಾಕಿ ಯಾರು? ನೀನೇ ಹೌದಿಲ್ಲೋ?”

“ನಾನೇ ರೀ. ಖರೇನ ಬಿಗಿ ಮಾಡಿದ್ದೆ.”

“ಮಾಡಿದ್ರ ಎಲ್ಲಿ ಹೋಯ್ತು? ರೆಕ್ಕಿ ಬಂದು ಹಾರಿತೇನು? ಯಾವುದೂ ಮನಸ್ಸಿಟ್ಟು ಮಾಡಂಗಿಲ್ಲ ನೀ.”

ನನ್ನ ಬಾಯಿಂದ ಮಾತು ತಾನಾಗಿ ಬಂತು. ಅದು ಬರುವ ಮೊದಲು ನಾನು ಯೋಚಿಸಿರಲಿಲ್ಲ. ಬಾಯಿಗೆ ಅದರ ದಾರಿ ಚೆನ್ನಾಗಿ ಗೊತ್ತಿತ್ತು.

“ನಾ ಹೇಳಿದ್ದೆ, ಎರಡ ಸಲ ನೋಡು ಅಂತ. ಹುಡುಗ್ಯಾರ ಕೈ, ಅರ್ಧಂಬರ್ಧ.”

ಅಂಬಿಕಾ ನನ್ನ ಕಡೆ ತಿರುಗಿದಳು. ನನ್ನ ಮುಖ ನೋಡಲಿಲ್ಲ. ಅಂಗಿಯ ಕಿಸೆ ನೋಡಿದಳು, ಆಮೇಲೆ ಗ್ರೀಸು ಹತ್ತಿದ ನನ್ನ ಹೆಬ್ಬೆರಳು ನೋಡಿದಳು. ಮಧ್ಯಾಹ್ನ ಆಕೆ ಮಲಗಿದ್ದಳೆಂದು ನಾನು ಅಂದುಕೊಂಡಿದ್ದೆ. ತಲೆ ತಗ್ಗಿಸಿ ಅಪ್ಪನಿಗೆ ಹೇಳಿದಳು:

“ಇರ್ಲಿ ಬಿಡ್ರಿ ಅಪ್ಪಾ. ನಾನೇ ಮರ್ತಿರಬೇಕು.”

ಅದೇ ಪಡಸಾಲೆ, ಅದೇ ತೆರೆದ ಬಾಯಿ, ಚಾಚಿ ಹಿಂದಕ್ಕೆ ತೆಗೆದುಕೊಂಡ ಅದೇ ಕೈ. ಕಟ್ಟೆಯಂಚಿಗೆ ಹೋಗಿ ಅಂಕಣದಲ್ಲಿ ಕಾರಿದೆ. ಈಗ ಅಲ್ಲಿ ದನ ಇಲ್ಲ, ಮಗನ ಮೋಟಾರ್ ಸೈಕಲ್ಲು ಇದೆ. ನಾತಕ್ಕೆ ಹೀಗಾಯಿತು ಎಂದು ಸುವರ್ಣಾ ನೀರು ತಂದಳು. ಬಾಯಿ ತೊಳೆದುಕೊಂಡು, ಕಿಸೆಯಿಂದ ಸ್ಕ್ರೂ ತೆಗೆದು ಅಂಬಿಕಾಳ ಅಂಗೈಯಲ್ಲಿಟ್ಟೆ.

“ಇದು ನನ್ನ ಕಿಸೇದಾಗಿತ್ತು. ನಾನೇ ತೆಗೆದಿದ್ದೆ. ಆಕಿಂದೇನೂ ತಪ್ಪಿಲ್ಲ.”

“ಯಾಕ?” ಎಂದ ಮಲ್ಲಿನಾಥ. ಅದು ನಮ್ಮಪ್ಪ ಕೇಳಿದ ಹಾಗೆಯೇ ಇತ್ತು.

“ಒಳಗ ಒಂದು ಗಾಡಿ ಅದ. ನಂದು.”

ಹೇಳಿದೆ. ಇಲ್ಲಿ ಬರೆದಷ್ಟು ಸಾಲಾಗಿ ಅಲ್ಲ, ಹಿಂದುಮುಂದಾಗಿ, ಕೆಲವನ್ನು ಎರಡು ಸಲ. ಅಂಬಿಕಾ ಕೇಳುತ್ತಲೇ ಕಾಗದದ ಚೂರು ಹರಿದು ಹಲ್ಲುಗಳ ನಡುವೆ ಇಟ್ಟು, ಸ್ಕ್ರೂ ಬಿಗಿದು, ಕಾಗದ ಎಳೆದು ನೋಡಿದಳು. ಹೋರಿಯ ಬೆನ್ನಿಗೆ ಸುವರ್ಣಾಳ ಫೋನು ಕಟ್ಟಿ, ವಿಡಿಯೋ ಕಾಲ್ ಹಚ್ಚಿ, ಹಗ್ಗದಲ್ಲಿ ಇಳಿಬಿಟ್ಟರು. ಮಲ್ಲಿನಾಥನ ಫೋನಿನಲ್ಲಿ ಒಳಗಿನದೆಲ್ಲ ಕಾಣುತ್ತಿತ್ತು. ತಳದ ಜೋಳ ಡಾಂಬರಿನ ಹಾಗೆ ಕಪ್ಪಗೆ ಹೆಪ್ಪುಗಟ್ಟಿತ್ತು, ಅದರ ಮೇಲೆ ಬಿಳಿ ಬೂಸರು, ಸತ್ತ ಜಿರಳೆಗಳ ಸಿಪ್ಪೆ. ಹೋರಿಯ ಗಾಲಿ ಹೂತು, ತಿರುಗಿ, ಕಪ್ಪು ಹೊಟ್ಟನ್ನು ಹಿಂದಕ್ಕೆ ಉಗುಳಿತು. ಹಳೆಯ ಮೋಟಾರು ಆಗಿದ್ದರೆ ಅಲ್ಲೇ ಸಾಯುತ್ತಿತ್ತು. ನಾವು ಹಾಕಿದ ಉಕ್ಕಿನ ಹಲ್ಲು ಹಿಡಿದು ಎಳೆಯಿತು. ಎರಡನೆಯ ಸುತ್ತಿಗೆ ದೀಪದ ಮುಂದೆ ಒಂದು ಗಂಟು ಉರುಳಿತು. ಬಾವಿಗೆ ಬಿದ್ದ ಕೊಡ ತೆಗೆಯುವ ಪಾತಾಳಗರಡಿಯನ್ನು ಇಳಿಸಿ, ಹೋರಿಯಿಂದ ಆ ಗಂಟನ್ನು ಅದರ ಕೊಕ್ಕೆಗೆ ದೂಡಿ ದೂಡಿ, ಆರೇಳು ಸಲ ತಪ್ಪಿ, ಕೊನೆಗೆ ಮೇಲಕ್ಕೆ ಎಳೆದರು.

ಇದ್ದಲಿನ ಹಾಗೆ ಕಪ್ಪಾಗಿದ್ದ, ಒಂದು ಬದಿ ತಗ್ಗಾದ ಕರಡಿಗೆ. ಬೆಂಡು, ಮುಳ್ಳು, ದಾರ ಯಾವುದೂ ಉಳಿದಿರಲಿಲ್ಲ. ಮಲ್ಲಿನಾಥ ಅದರ ಕೊಳೆಯನ್ನು ಹೆಬ್ಬೆರಳಿನಿಂದ ಒರೆಸಿದ.

“ಅಪ್ಪಾ, ಆಕಿ ನಂಗ ಗೋದಲ್ಯಾಗಿಂದ ಶೇಂಗಾ ಕೊಡ್ತಿದ್ದಳು. ನೀ ನನ್ನ ಕೈ ಬಡಿದು ಚೆಲ್ಲಿಸಿದ್ದಿ. ಕಳ್ಳಿ ಕೈಯಾಂದು ಅಂತ.”

“ಹೌದು.”

“ನಾನೂ ಆಕಿಗಿ ಹಂಗೇ ಅಂದೇನಿ. ನಿನ್ನ ಬಾಯಿ ಕೇಳಿ.”

ಸುವರ್ಣಾ ಸೆರಗನ್ನು ಇನ್ನೂ ಮೂಗಿನಿಂದ ತೆಗೆದಿರಲಿಲ್ಲ. ಹಗೇವಿನ ಬಾಯಿಗೆ ಫರಸಿ ಮತ್ತೆ ಬಿದ್ದಿತ್ತು, ನಾತ ಆಗಲೇ ಕಡಿಮೆಯಾಗಿತ್ತು. ಆಕೆ ನನ್ನಿಂದ ಒಂದು ಮಾರು ದೂರ ಸರಿದು ನಿಂತಿದ್ದಳು.

ಮುಚ್ಚಳ ಕಚ್ಚಿಕೊಂಡಿತ್ತು. ಅಂಬಿಕಾ ಸ್ಕ್ರೂಡ್ರೈವರಿನ ತುದಿಯಿಂದ ಸುತ್ತಲೂ ಮೀಟಿ ತೆಗೆದಳು. ಕೊಳೆ ಒಳಗೆ ಹೋಗಿರಲಿಲ್ಲ. ಎರಡು ಹುಣಸೆ ಬೀಜ ಒಂದರ ಮಗ್ಗುಲಿಗೆ ಒಂದು ಕೂತಿದ್ದವು. ಆಕೆ ಅಂಗೈಗೆ ಸುರಿದುಕೊಂಡಳು.

“ಇವೇನ್ರಿ ಮುತ್ಯಾ?”

“ಪ್ಯಾಸೆಂಜರ್.”

“ಯಾರ್ಯಾರು?”

“ಒಂದು ನಾನು. ಇನ್ನೊಂದು ನಮ್ಮತ್ತಿ.”

“ಅತ್ತಿಗಿ ಹೆಸರಿಲ್ಲೇನ್ರಿ?”

ಇತ್ತು. ಅದನ್ನು ಹೇಳಲು ಬಾಯಿ ತೆರೆದೆ, ನಾಲಿಗೆ ಹೊರಳಲಿಲ್ಲ. ಅರವತ್ತು ವರ್ಷ ಆಡದ ಮಾತು. ಮಗುವಿನ ಮುಂದೆ ಬಾಯಿ ತೆರೆದುಕೊಂಡು ಕೂತೆ, ಆಕೆ ಕಾದು ಕಾದು ಎದ್ದು ಹೋದಳು. ಸೋಮವಾರ ಗೌಂಡಿ ಬಂದ, ಹಗೇವು ತುಂಬಿತು. ಕರಡಿಗೆಯನ್ನು ಜಗಲಿಯ ಮೇಲೆ ಇಡಲು ನನ್ನ ಕೈಗೆ ಯಾರೂ ಕೊಡಲಿಲ್ಲ, ನಾನೂ ಕೇಳಲಿಲ್ಲ. ಬೀಜಗಳು ಅಂಬಿಕಾಳ ಹತ್ತಿರ ಇವೆ. ಆಕೆ ಕೇಳಿದ್ದಕ್ಕೆ ಉತ್ತರವನ್ನು, ಬಾಯಿಂದ ಆಗದ್ದರಿಂದ, ಇಲ್ಲಿ ಬರೆದಿಡುತ್ತಿದ್ದೇನೆ. ನನಗೆ ಗಾಡಿ ಮಾಡಿಕೊಟ್ಟವಳು, ನಾನು ಕಳ್ಳಿ ಎಂದು ಕರೆದವಳು, ತಪ್ಪಾಯಿತು ಎಂದು ನಾನು ಒಂದು ದಿನವೂ ಹೇಳದವಳು, ನಮ್ಮಪ್ಪನ ಅಕ್ಕ ಭಾಗಮ್ಮ.